ಕುಶನ್ ಕವರ್‌ಗೆ ಕಸೂತಿ: ಕಾರ್ಬನ್ ಬಿಡಿ, ಎಳೆ ಎಣಿಸಿ

ಅಕ್ಕಾ, ಕುಶನ್ ಕವರ್ ಮೇಲೆ ಧಾರವಾಡದ ಕಸೂತಿ ಗೋಪುರ, ಆನೆ ಹಾಕಬೇಕು, ಕಾರ್ಬನ್ ಇಟ್ಟು ಚಿತ್ರ ಇಳಿಸಲಾ, ಹಿಂಬದಿ ಯಾಕೆ ಇಷ್ಟು ಗಲೀಜಾಗುತ್ತಿದೆ ಅಂತ ಕೇಳಿದ್ದೀರಲ್ಲ. ಕಾರ್ಬನ್ ಬೇಡವೇ ಬೇಡ. ಇದು ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ. ಗೆರೆ ನೋಡಿ ಹೊಲಿದರೆ ಒಂದು ಹೊಲಿಗೆ ಉದ್ದ, ಒಂದು ಗಿಡ್ಡ ಆಗಿ ಗೋಪುರ ಸೊಟ್ಟಗಾಗುತ್ತದೆ. ಚಿತ್ರ ಗ್ರಾಫ್ ಹಾಳೆಯಲ್ಲಿ ಇರಲಿ.

ಇಳಕಲ್ ಸೀರೆಯ ಎಳೆ ಎಣಿಸುವುದು ಶುರುವಿಗೇ ಕಷ್ಟ, ಚೌಕ ಚೌಕವಾಗಿ ನೇಯ್ದ ಮ್ಯಾಟಿ ಬಟ್ಟೆ ತಗೊಳ್ಳಿ. ಇಂಚಿಗೆ 11 ಚೌಕ ಇದ್ದರೆ 44 ಹೊಲಿಗೆಯ ಆನೆ 4 ಇಂಚು ಅಗಲ ಬರುತ್ತದೆ, 16 ಇಂಚಿನ ಕವರ್‌ಗೆ ಚೆಂದ ಕೂರುತ್ತದೆ. ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ, ಆಮೇಲೆ ಕುಗ್ಗಿದರೆ ಹೊಲಿಗೆ ಸುಕ್ಕಾಗುತ್ತದೆ. ಕೆಂಪು ದಾರದ ತುಂಡನ್ನು ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಆ ಲಡಿ ಪಕ್ಕಕ್ಕಿಡಿ.

ಈಗ ಹಿಂಬದಿ ವಿಷಯ. ಗಂಟು ಹಾಕಬೇಡಿ. ಎರಡು ಮೂರು ಇಂಚು ದಾರ ಹಾಗೇ ಬಿಟ್ಟು ಶುರು ಮಾಡಿ, ಕೊನೆಗೆ ಆ ತುದಿಯನ್ನು ಹೊಲಿಗೆಗಳ ಕೆಳಗೆ ತೂರಿಸಿದರೆ ಆಯ್ತು. ಗವಂತಿ ಅಂದರೆ ಕಸೂತಿಯ ನೇರ ಗೆರೆಯ ಹೊಲಿಗೆ. ಅದರಲ್ಲಿ ಹೋಗುವಾಗ ಒಂದು ಮನೆ (ಚೌಕ) ಬಿಟ್ಟು ಒಂದು ಮನೆ ಹೊಲಿಗೆ, ವಾಪಸ್ ಬರುವಾಗ ಬಿಟ್ಟ ಮನೆ ತುಂಬುವುದು. ಎಲ್ಲರೂ ಸಿಕ್ಕಿಬೀಳುವುದು ಕವಲಿನಲ್ಲಿ. ಗೋಪುರದ ಪಕ್ಕಕ್ಕೆ ಒಂದು ಕವಲು ಬಂತು ಅಂದುಕೊಳ್ಳಿ, ಅದನ್ನು ಆಮೇಲೆ ನೋಡೋಣ ಅಂತ ಬಿಡದೆ ಆಗಲೇ ಅದರ ತುದಿವರೆಗೆ ಹೋಗಿ, ಖಾಲಿ ಮನೆ ತುಂಬುತ್ತಾ ಬುಡಕ್ಕೆ ಬಂದು, ಆಮೇಲೆ ಮುಖ್ಯ ಗೆರೆಯಲ್ಲಿ ಮುಂದೆ ಹೋಗಿ. ಆಗ ವಾಪಸ್ ಬರುವಾಗ ಉಳಿದಿರುವುದು ಮುಖ್ಯ ಗೆರೆ ಮಾತ್ರ, ದಾರ ಎಲ್ಲೂ ಹಾರುವುದಿಲ್ಲ, ಎರಡೂ ಕಡೆ ಒಂದೇ ಥರ ಕಾಣುತ್ತದೆ. ಗ್ರಾಫ್ ಮೇಲೆ ಬೆರಳಿಟ್ಟು ದಾರಿ ಒಮ್ಮೆ ನಡೆಸಿ ನೋಡಿ. ಮುರ್ಗಿ ಅನ್ನುವ ಇನ್ನೊಂದು ಹೊಲಿಗೆಯೂ ಹೀಗೇ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ ಅಷ್ಟೇ.

ನೇಯ್ಗೆಯಂತೆ ಕಾಣುವ ನೇಗಿ ಹೊಲಿಗೆಯನ್ನು ಮಾತ್ರ ಕುಶನ್‌ಗೆ ನಾನು ಹೇಳಲ್ಲ. ಉದ್ದ ದಾರ ಮೇಲೆ ತೇಲುತ್ತದೆ, ಬಳೆಗೋ ಉಂಗುರಕ್ಕೋ ಸಿಕ್ಕಿ ಕಿತ್ತುಬರುತ್ತದೆ. ಅದನ್ನು ಗೋಡೆಗೆ ಹಾಕುವುದಕ್ಕೆ ಇಟ್ಟುಕೊಳ್ಳಿ. ಕಪ್ಪು ಬಟ್ಟೆ ಆರಿಸಿದರೆ ತೊಡೆ ಮೇಲೆ ಬಿಳಿ ಟವೆಲ್ ಹಾಸಿಕೊಳ್ಳಿ, ತೂತು ಸ್ಪಷ್ಟವಾಗಿ ಕಾಣುತ್ತವೆ. ಇಸ್ತ್ರಿ ಹಿಂಬದಿಯಿಂದ, ಅದೇ ಟವೆಲ್ ಮೇಲೆ.