ಗಂಡನಿಗೆ ತೋಟ ಸುತ್ತುವ ನಾಯಿ ಬೇಕು, ನನಗೆ ಮಡಿಲಲ್ಲಿ ಕೂರುವ ನಾಯಿ ಬೇಕು: ಕೊಡಗಿನಲ್ಲಿ ಯಾವ ತಳಿ ತಂದರೆ ಒಳ್ಳೆಯದು?

ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಮನೆಯ ಹಳೇ ಜಗಳವೇ ಕಣ್ಣ ಮುಂದೆ ಬಂತು. ನಿಮಗೆ ಮದುವೆಯಾಗಿ 2 ವರ್ಷ, ಸಿದ್ದಾಪುರದ ಹತ್ತಿರ 12 ಎಕರೆ ಕಾಫಿ ತೋಟ, ಯಜಮಾನರು ಬೆಳಗ್ಗೆ ಗಂಬೂಟು ಹಾಕಿ ಹೊರಟರೆ ಊಟದ ಹೊತ್ತಿಗೇ ಮನೆ ಕಾಣುವುದು. ನೀವು ಮೈಸೂರಿನಿಂದ ಬಂದವರು, ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದಿನಕ್ಕೆ 8 ಗಂಟೆ ಕೆಲಸ ಮಾಡುತ್ತೀರಿ. ಅವರಿಗೆ ಜರ್ಮನ್ ಶೆಫರ್ಡ್, ನಿಮಗೆ ಶಿಟ್ಜು. ಇಬ್ಬರಿಗೂ ಹೊಂದುವ ತಳಿ ಯಾವುದು ಅಂತ ಕೇಳಿದ್ದೀರಿ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದೂವರೆ ವರ್ಷ ದಾಟಿದ ಹೆಣ್ಣು ಲ್ಯಾಬ್ರಡಾರ್ ತನ್ನಿ. ಅದು ಸಿಗದಿದ್ದರೆ ಜನರ ನಡುವೆ ಬೆಳೆದ, ಮುಟ್ಟಿದರೆ ಬೆದರದ ನಾಡುನಾಯಿ ತನ್ನಿ. ಯಾಕೆ ಅನ್ನುವುದಕ್ಕೆ ನಮ್ಮ ಹಳೇ ನಾಯಿ ರಾಜನ ಕಥೆ ಹೇಳಬೇಕು.

ನಮ್ಮ ತೋಟ ಪಾಲಿಬೆಟ್ಟದ ಕಡೆ. ಮಾವ ಮಿಲಿಟರಿಯಲ್ಲಿದ್ದವರು, ಆ ಮನೆಯಲ್ಲಿ ನಾಯಿ ಅಂದರೆ ಅಲ್ಸೇಷಿಯನ್ (ಜರ್ಮನ್ ಶೆಫರ್ಡಿನ ಇನ್ನೊಂದು ಹೆಸರು), ಬೇರೆ ಮಾತೇ ಇಲ್ಲ. ನಾನು ಆಗ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಪುಟ್ಟ ಸ್ಪಾನಿಯಲ್ ಬೇಕು ಅಂತ ಎಷ್ಟು ಹೇಳಿದರೂ ಕೊನೆಗೆ ಬಂದದ್ದು ರಾಜನೇ. ನಿಜ ಹೇಳಬೇಕೆಂದರೆ ಅಂಥ ಚಂದದ ನಾಯಿಯನ್ನು ನಾನು ಮತ್ತೆ ಕಂಡಿಲ್ಲ. ಆದರೆ ಅವನು ನಮ್ಮವರ ನಾಯಿ, ನಮ್ಮಿಬ್ಬರ ನಾಯಿ ಅಲ್ಲ. ನಾನು ಅನ್ನ ಹಾಕಿದರೆ ತಿನ್ನುತ್ತಿದ್ದ, ಅಷ್ಟೇ. ಕಾಲು ಹಿಡಿಯಲು, ಕಿವಿ ಮಡಚಿ ನೋಡಲು ಬಿಡುತ್ತಿರಲಿಲ್ಲ. ಗುರ್ ಅನ್ನುತ್ತಿದ್ದ. "ನಿನಗೆ ಅವನ ಹತ್ತಿರ ಏನು ಕೆಲಸ, ನಾನು ನೋಡ್ಕೊಳ್ತೇನಲ್ಲ" ಅಂತ ನಮ್ಮವರು. ನಾನೂ ಸುಮ್ಮನಾದೆ.

ರಾಜನಿಗೆ ನಾಲ್ಕು ವರ್ಷ ಆಗಿದ್ದಾಗ ಒಂದು ಬೆಳಗಿನ ಜಾವ ಅವನೂ ನಮ್ಮವರೂ ತೋಟಕ್ಕೆ ಹೋಗಿದ್ದರು. ಬೆಳಕು ಸರಿಯಾಗಿ ಹರಿದಿರಲಿಲ್ಲ. ರಾಜ ಮುಂದೆ ಓಡಿದ, ಬೊಗಳಿದ, ಆಮೇಲೆ ಬಾಲ ಮುದುರಿಕೊಂಡು ಕಾಫಿ ಸಾಲಿನ ನಡುವೆ ವಾಪಸ್ ಓಡಿಬಂದ. ಹಿಂದೆ ಆನೆ. ಸಿದ್ದಾಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಯಿ ಆನೆಯನ್ನು ಕೆಣಕುತ್ತದೆ, ಹೆದರಿ ಸೀದಾ ಯಜಮಾನನ ಕಾಲ ಬುಡಕ್ಕೇ ಬರುತ್ತದೆ, ಆನೆಯನ್ನೂ ಜೊತೆಗೇ ಕರೆತರುತ್ತದೆ. ನಮ್ಮವರು ಓಡುವಾಗ ತೊಟ್ಟಿಲು ಗುಂಡಿಗೆ, ಅಂದರೆ ಮಳೆನೀರು ಇಂಗಲು ಕಾಫಿ ಗಿಡಗಳ ನಡುವೆ ತೋಡಿದ ಗುಂಡಿಗೆ, ಬಿದ್ದು ಕಾಲು ಮುರಿಯಿತು. ಆನೆ ಪಕ್ಕದ ತೋಟಕ್ಕೆ ದಾಟಿತು. ಜೀವ ಉಳಿದದ್ದು ದೇವರ ದಯೆ.

ನಮ್ಮವರು ಮೈಸೂರಿನ ಆಸ್ಪತ್ರೆಯಲ್ಲಿ 12 ದಿನ ಇದ್ದರು. ಮನೆಯಲ್ಲಿ ರಾಜ ಊಟ ಬಿಟ್ಟ. ಯಜಮಾನ ಇಲ್ಲದ ಕೊರಗು ಅಂತಲೇ ನಾನು, ಪಕ್ಕದವರು, ಲೈನ್ ಮನೆಯ ಕೆಲಸದವರು ಎಲ್ಲರೂ ಅಂದುಕೊಂಡೆವು. ಒಂಬತ್ತನೇ ದಿನ ಅವನ ಒಂದು ಮೂಗಿನ ಹೊಳ್ಳೆಯಿಂದ ರಕ್ತ ತೊಟ್ಟಿಕ್ಕಿತು. ತೊರೆಯ ನೀರು ಕುಡಿಯುವಾಗ ಜಿಗಣೆ ಮೂಗಿಗೆ ಹೊಕ್ಕಿರಬೇಕು ಅಂದರು. ನಮ್ಮಲ್ಲಿ ಅದು ಆಗುವುದೂ ಉಂಟು, ಹಾಗಾಗಿ ಇನ್ನೆರಡು ದಿನ ಕಾದೆ. ಪಶುವೈದ್ಯರು ಬಂದು ಬಾಯಿಗೆ ಪಟ್ಟಿ ಕಟ್ಟಿ ಮೈ ನೋಡಿದಾಗ ಬೆರಳುಗಳ ಸಂದಿಯಲ್ಲಿ, ಕಿವಿಯ ಒಳಮಡಿಕೆಯಲ್ಲಿ, ಬಾಲದ ಬುಡದಲ್ಲಿ ಉಣುಗುಗಳು ಹಲಸಂದೆ ಕಾಳಿನ ಹಾಗೆ ಊದಿ ಕೂತಿದ್ದವು. ವಸಡು ಸುಣ್ಣದ ಗೋಡೆಯಷ್ಟು ಬಿಳಿ. ಉಣುಗು ಜ್ವರ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಪೂರ್ತಿ ಇಳಿದುಹೋಗಿತ್ತು. ಬೇಗ ಹಿಡಿದರೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ನಾಲ್ಕು ವಾರ ಕೊಟ್ಟು ಬಹಳ ನಾಯಿಗಳನ್ನು ಉಳಿಸಿಕೊಳ್ಳಬಹುದು. ನಾವು ಬೇಗ ಹಿಡಿಯಲಿಲ್ಲ. ನಮ್ಮವರು ಊರುಗೋಲು ಹಿಡಿದು ಮನೆಗೆ ಬಂದ ಮೂರನೇ ದಿನ ರಾಜ ಹೋದ.

ದಿನಾ ಸಂಜೆ ಅವನ ಮೈ ತಡವಿ ನೋಡುತ್ತಿದ್ದದ್ದು ನಮ್ಮವರೊಬ್ಬರೇ. ಅವರಿಲ್ಲದ 12 ದಿನ ಆ ಮೈಯನ್ನು ಯಾರೂ ಮುಟ್ಟಲಿಲ್ಲ. ಅದಕ್ಕೇ ಹೇಳುವುದು: ಗಂಡ ಹೆಂಡತಿಯ ಇಷ್ಟ ಬೇರೆ ಬೇರೆ ಇದ್ದಾಗ ಮೊದಲು ನೋಡಬೇಕಾದದ್ದು ಗಾತ್ರವನ್ನಲ್ಲ, ಚಂದವನ್ನಲ್ಲ. ಇಬ್ಬರ ಕೈಗೂ ಮೈ ಕೊಡುವ ನಾಯಿಯೇ ಅಂತ ನೋಡಬೇಕು. ಬಯಲುಸೀಮೆಯ ಊರಿನಲ್ಲಿ ಇದಕ್ಕೆ ಇಷ್ಟು ತೂಕ ಇರಲಿಕ್ಕಿಲ್ಲ. ಜಿಗಣೆ, ಉಣುಗು, ಮುಳ್ಳು, ಒದ್ದೆ, ಇಷ್ಟೂ ಇರುವ ನಮ್ಮ ತೋಟಗಳಲ್ಲಿ ನಾಯಿಯ ಆಯುಷ್ಯ ನಿಂತಿರುವುದೇ ಅದರ ಮೇಲೆ.

ಇನ್ನು ನಿಮ್ಮವರ ಕನಸಿನ ಬಗ್ಗೆ. ದಿನವಿಡೀ ತೋಟದಲ್ಲಿ ನಾಯಿ ಜೊತೆಗಿರುತ್ತದೆ ಅಂತ ಅವರು ಅಂದುಕೊಂಡಿದ್ದಾರೆ. ಒಂದು ಕಾಗದ ತೆಗೆದು ಗಂಟೆ ಲೆಕ್ಕ ಹಾಕಿ ನೋಡಿ. ಬೆಳಗಿನ ಜಾವ, ಮುಸ್ಸಂಜೆ ಆನೆಯ ಹೊತ್ತು. ಆಗ ನಾಯಿಯನ್ನು ಒಯ್ಯಬಾರದು. ಮಳೆಗೆ ಮುಂಚೆ ಮೈಲುತುತ್ತು ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಬಿಡಬಾರದು. ನೆರಳಿನ ಮರಗಳನ್ನು ಸವರುವ ಮರಗಸಿ ಮಾಡುವಾಗ ಮೇಲಿಂದ ಕೊಂಬೆ ಬೀಳುತ್ತಿರುತ್ತದೆ. ಕೊಯ್ಲಿನಲ್ಲಿ ಕಣದ ತುಂಬ ಜನ, ಲಾರಿ, ಗಲಾಟೆ. ಜುಲೈ ಮಧ್ಯಕ್ಕೆ ಶುರುವಾಗುವ ಕಕ್ಕಡ ತಿಂಗಳ ಮಳೆಯಲ್ಲಂತೂ ಮನುಷ್ಯರೇ ಹೊರಗೆ ಕಾಲಿಡಲು ಯೋಚಿಸುತ್ತಾರೆ. ಇಷ್ಟೆಲ್ಲ ಕಳೆದರೆ ದಿನಕ್ಕೆ ಎರಡು ಗಂಟೆ ಉಳಿದರೆ ಹೆಚ್ಚು. ರಾತ್ರಿ ಅದು ಮನೆಯೊಳಗೇ ಮಲಗಬೇಕು. ಜಗಲಿಯಲ್ಲಿ ಕಟ್ಟಿಹಾಕಿದ ನಾಯಿಯನ್ನು ಚಿರತೆ ಎತ್ತಿಕೊಂಡು ಹೋದ ಮನೆ ನಿಮ್ಮ ಊರಿನಲ್ಲೂ ಇದ್ದೇ ಇರುತ್ತದೆ, ಕೇಳಿ ನೋಡಿ. ಅಂದರೆ ಹೆಚ್ಚು ಹೊತ್ತು ಅದು ನಿಮ್ಮ ಕುರ್ಚಿಯ ಪಕ್ಕದಲ್ಲೇ ಇರುವುದು. ತೋಟದ ನಾಯಿ ಅಂತ ತಂದರೂ ಅದು ನಿಮ್ಮ ನಾಯಿಯೇ ಆಗುತ್ತದೆ. ಇದನ್ನು ಅವರ ಮುಂದೆ ಗಂಟೆ ಗಂಟೆಯಾಗಿ ಬರೆದು ತೋರಿಸಿ. ವಾದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಹಾಗಂತ ಶಿಟ್ಜು ಸರಿ ಅಂತಲೂ ಅಲ್ಲ. ತಳಿ ಅಂದರೆ ಅದರ ಹಿರೀಕರು ಮಾಡಿದ ಕೆಲಸ. ಶಿಟ್ಜು ಚೀನಾದ ಅರಮನೆಯಲ್ಲಿ ಬೆಳೆದ ನಾಯಿ. ನೆಲ ಗುಡಿಸುವ ಕೂದಲು, ಚಪ್ಪಟೆ ಮೂಗು, ಉಬ್ಬಿದ ಕಣ್ಣು. ನಮ್ಮ ಜುಲೈ ಆಗಸ್ಟಿನಲ್ಲಿ ಆ ಕೂದಲು ಒಣಗುವುದೇ ಇಲ್ಲ, ಕೆಳಗೆ ಚರ್ಮ ಹುಣ್ಣಾಗುತ್ತದೆ. ಆ ಕೂದಲೊಳಗೆ ಉಣುಗು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ. ನಾನು ಬಯಸಿದ್ದ ಸ್ಪಾನಿಯಲ್ ಕೂಡ ಹಾಗೆಯೇ. ಜೋತ ಕಿವಿಗೆ ಗಾಳಿ ಆಡುವುದಿಲ್ಲ, ಮಳೆಗಾಲವಿಡೀ ಕಿವಿ ಸೋರುತ್ತದೆ. ಅಕ್ಕನ ಮನೆಯ ಸ್ಪಾನಿಯಲ್ ತಲೆ ಕೊಡವಿ ಕೊಡವಿ ಅಳುವುದನ್ನು ನೋಡಿದ ಮೇಲೆ ನನ್ನ ಆಸೆಯೂ ಹೋಯಿತು.

ಬೀಗಲ್ ಅಳತೆಯಲ್ಲಿ ಇಬ್ಬರಿಗೂ ಹೊಂದುವ ಹಾಗೆ ಕಾಣುತ್ತದೆ, ಮುದ್ದು ಮುಖ ಬೇರೆ. ಆದರೆ ಅದು ವಾಸನೆ ಹಿಡಿದು ಮೊಲ ಬೇಟೆಯಾಡಲು ಬೆಳೆಸಿದ ತಳಿ. ಮೂಗು ನೆಲಕ್ಕಿಟ್ಟಿತೆಂದರೆ ಕರೆದರೆ ಕಿವಿಗೇ ಬೀಳುವುದಿಲ್ಲ. ಹಂದಿಯ ಜಾಡು ಹಿಡಿದು ಬೇಲಿ ದಾಟಿತೋ, ಯಾರೋ ಹಂದಿಗೆ ಒಡ್ಡಿದ ಉರುಳಿಗೆ ಇದರ ಕುತ್ತಿಗೆ. ಕಾನೂನು ಪ್ರಕಾರ ಉರುಳು ಹಾಕುವಂತಿಲ್ಲ, ಆದರೂ ಹಾಕುವವರಿದ್ದಾರೆ.

ನಮ್ಮ ರಾಜ್ಯದ ಹೆಮ್ಮೆ ಅಂತ ಮುಧೋಳ ನಾಯಿಯ ಹೆಸರನ್ನೂ ಯಾರಾದರೂ ಹೇಳುತ್ತಾರೆ. ಹೆಮ್ಮೆ ನನಗೂ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಅದು. ಆದರೆ ಬಾಗಲಕೋಟೆಯ ಒಣ ಬಯಲಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಗಾಳಿಯಂತೆ ಓಡುವ ಜೀವ. ಮೈಮೇಲೆ ಕೊಬ್ಬಿಲ್ಲ, ಕೂದಲು ತೆಳು. ಅದನ್ನು ತಂದು ತಂತಿ ಬೇಲಿ, ತೊಟ್ಟಿಲು ಗುಂಡಿ, ಜಡಿಮಳೆಯ ನಡುವೆ ಬಿಡುವುದು ನ್ಯಾಯವಲ್ಲ.

ಲ್ಯಾಬ್ರಡಾರಿನ ಹಿರೀಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಬೆಸ್ತರ ಜೊತೆ ತಣ್ಣೀರಿಗಿಳಿದು ಬಲೆ ಎಳೆಯುತ್ತಿದ್ದ ನಾಯಿಗಳು. ಗಿಡ್ಡ, ಒತ್ತು ಕೂದಲು; ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಜಾರುತ್ತದೆ, ಹಳೇ ಟವೆಲ್ಲಿನಲ್ಲಿ ನಾಲ್ಕು ಸಲ ಒರೆಸಿದರೆ ಮುಗಿಯಿತು. ಯಾರು ಮುಟ್ಟಿದರೂ ಖುಷಿ. ಯಜಮಾನರ ಜೊತೆ ಎರಡು ಗಂಟೆ ಗದ್ದೆ ತೋಟ ಸುತ್ತಿ ಬಂದರೆ ಮಧ್ಯಾಹ್ನವೆಲ್ಲ ನಿಮ್ಮ ಮೇಜಿನ ಕೆಳಗೆ ಗೊರಕೆ ಹೊಡೆಯುತ್ತದೆ. ಕಾವಲಿಗೆ ಆಗುವುದಿಲ್ಲ ಅಂತ ನಿಮ್ಮವರು ಹೇಳಬಹುದು. 28 ಕೆಜಿ ತೂಗುವ ಕರಿ ನಾಯಿ ಗೇಟಿನ ಹತ್ತಿರ ದಪ್ಪ ದನಿಯಲ್ಲಿ ಬೊಗಳಿದರೆ ಬಂದವರು ಅಲ್ಲೇ ನಿಲ್ಲುತ್ತಾರೆ. ತೋಟದ ಮನೆಗೆ ಅಷ್ಟು ಕಾವಲು ಸಾಕು.

ತೊಂದರೆಗಳೂ ಇವೆ. ಅದರ ಹೊಟ್ಟೆಗೆ ತಳವಿಲ್ಲ. ಬಿದ್ದ ಕಾಫಿ ಹಣ್ಣನ್ನೂ ಅಗಿಯಲು ನೋಡುತ್ತದೆ, ಕೆಫೀನ್ ನಾಯಿಗೆ ವಿಷ. ಕೊಯ್ಲಿನ ದಿನಗಳಲ್ಲಿ ಹಗ್ಗ ಹಿಡಿದೇ ಒಯ್ಯಿರಿ. ಮಿಕ್ಕ ಪಂದಿ ಕರಿಯನ್ನು (ಹಂದಿ ಮಾಂಸದ ಸಾರನ್ನು) ಪ್ರೀತಿಯಿಂದ ಹಾಕುವುದು ನಮ್ಮ ಕಡೆಯ ಅಭ್ಯಾಸ. ಅದರ ಕೊಬ್ಬು, ಈರುಳ್ಳಿ, ಬೆಂದ ಎಲುಬು ಮೂರೂ ಕೆಟ್ಟದ್ದು. ಒಬ್ಬರು ಬೆಳಗ್ಗೆ, ಒಬ್ಬರು ಸಂಜೆ ಊಟ ಹಾಕಿ, ನಡುವೆ ಇಬ್ಬರೂ ಕೈ ತಡೆಯಿರಿ. ಮೈ ಬಂದರೆ ಸೊಂಟದ ಕೀಲು ಹೋಗುತ್ತದೆ, ಈ ತಳಿಗೆ ಆ ತೊಂದರೆ ಮೊದಲೇ ಇದೆ. ಕೂದಲೂ ವರ್ಷವಿಡೀ ಉದುರುತ್ತದೆ, ನಿಮ್ಮ ಕೀಬೋರ್ಡಿನ ತನಕ.

ಮರಿ ಬೇಡ, ಬೆಳೆದದ್ದು ತನ್ನಿ ಅಂತ ಯಾಕೆ ಹೇಳಿದೆ ಅಂದರೆ, ಮರಿಯ ಸ್ವಭಾವ ತಳಿಯ ಹೆಸರಿನಿಂದ ಊಹಿಸುವುದು, ಬೆಳೆದ ನಾಯಿಯದ್ದು ಕಣ್ಣಾರೆ ನೋಡುವುದು. ಹುತ್ತರಿ ಹಬ್ಬಕ್ಕೆ ಹಾರಿಸುವ ಗುಂಡಿನ ಸದ್ದಿಗೆ, ಆನೆ ಓಡಿಸುವ ಪಟಾಕಿಗೆ ಅದು ಮಂಚದ ಕೆಳಗೆ ನಡುಗುತ್ತದೆಯೋ, ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆಯೋ ಅಂತ ಸಾಕಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಊರು ಬಿಟ್ಟು ಬೆಂಗಳೂರಿಗೆ, ವಿದೇಶಕ್ಕೆ ಹೋಗುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಪಶು ಆಸ್ಪತ್ರೆಯಲ್ಲಿ ಒಂದು ಮಾತು ಹೇಳಿಟ್ಟರೆ ಸುದ್ದಿ ಬರುತ್ತದೆ. ನಮ್ಮ ಈಗಿನ ನಾಯಿ ಕಪ್ಪಿ ಹಾಗೆ ಬಂದವಳೇ, ಎರಡನೇ ವರ್ಷಕ್ಕೆ. ಮರಿಯೇ ಬೇಕು ಅಂತ ಹಟ ಇದ್ದರೆ 8 ವಾರ ತುಂಬದ್ದನ್ನು ಮುಟ್ಟಬೇಡಿ. 2017ರ ಕೇಂದ್ರದ ನಿಯಮದಂತೆ ಅದಕ್ಕಿಂತ ಎಳೆಯದನ್ನು ಮಾರುವಂತೆಯೇ ಇಲ್ಲ. ತಾಯಿಯನ್ನು ತೋರಿಸದವರ ಹತ್ತಿರ ಕೊಳ್ಳಲೂ ಬೇಡಿ.

ಆಳಿಗೊಂದರಂತೆ ಎರಡು ನಾಯಿ ತಂದರೆ ಹೇಗೆ ಅಂತಲೂ ನೀವು ಕೇಳಿದ್ದೀರಿ. ಈಗಲೇ ಬೇಡ. ಎರಡು ಸೇರಿದರೆ ಅವಕ್ಕೆ ಧೈರ್ಯ ಬಂದು ಬೇಲಿ ದಾಟಲು ಕಲಿಯುತ್ತವೆ.

ಬಂದ ಮೊದಲ ವಾರದಲ್ಲೇ ಹುಚ್ಚುನಾಯಿ ರೋಗದ ಲಸಿಕೆಯ ಜೊತೆ ಇಲಿ ಜ್ವರವೂ ಸೇರಿರುವ ಲಸಿಕೆ ಆಗಿದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ನೀರು ನಿಲ್ಲುವ ಗದ್ದೆಯ ಪಕ್ಕದ ಮನೆಗೆ ಇದು ಬೇಕೇ ಬೇಕು. ಉಣುಗಿಗೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆ ಬಂದಿದೆ, ವೈದ್ಯರನ್ನು ಕೇಳಿ ಶುರು ಮಾಡಿ. ಮಾತ್ರೆ ಕೊಟ್ಟರೂ ಸಂಜೆ ಮೈ ನೋಡುವುದು ತಪ್ಪಿಸಬೇಡಿ. ನಮ್ಮ ಮನೆಯಲ್ಲಿ ಸೋಮ, ಬುಧ, ಶುಕ್ರ ನನ್ನದು, ಉಳಿದ ದಿನ ನಮ್ಮವರದು. ಕಪ್ಪಿ ಬೆನ್ನಡಿ ಮಾಡಿ ನಾಲ್ಕು ಕಾಲನ್ನೂ ಮೇಲೆತ್ತಿ ಮಲಗುತ್ತಾಳೆ. ಬೆರಳು ಬಿಡಿಸುವಾಗ ಅಂಗಾಲಿನಿಂದ ಒದ್ದೆ ಎಲೆಯ ವಾಸನೆ ಬರುತ್ತದೆ, ನೆಕ್ಕಲು ಮುಖ ತರುತ್ತಾಳೆ, ತಳ್ಳಿ ಮುಂದಿನ ಕಾಲು ಹಿಡಿಯುತ್ತೇನೆ. ಹತ್ತು ನಿಮಿಷದ ಕೆಲಸ.

ನೀವು ಒಪ್ಪುವ ನಾಯಿ ಸಿಕ್ಕಾಗ ಮೂರು ದಿನಕ್ಕೆ ಮನೆಗೆ ಕರೆತರುತ್ತೇವೆ ಅಂತ ಕೇಳಿ, ಕೊಡುತ್ತಾರೆ. ಮೊದಲ ಸಂಜೆ ನಿಮ್ಮವರು ಬೆರಳು ಬಿಡಿಸಿ ನೋಡಲಿ. ಎರಡನೇ ಸಂಜೆ ನೀವು ನೋಡಿ, ಅವರು ಮನೆಯಲ್ಲಿ ಇರುವುದು ಬೇಡ. ನಿಮ್ಮ ಕೈಗೂ ಅದು ಬೆನ್ನಡಿಯಾಗಿ ಮಲಗಿದರೆ ವಾಪಸ್ ಕೊಡಬೇಡಿ.