ರೋಲ್ ಪ್ಲೇ ಎರಡೇ ನಿಮಿಷಕ್ಕೆ ಮುಗಿಯುತ್ತಿದ್ದರೆ ಹೀಗೆ ಮಾಡಿ

ಶಿರಸಿಯಲ್ಲಿ ಹೋಂಸ್ಟೇ ಇದೆ, ಇಂಗ್ಲಿಷ್ ಗ್ರಾಮರ್ ಗೊತ್ತು, ಆದರೆ ವಿದೇಶಿ ಅತಿಥಿಗಳ ಮುಂದೆ ಬಾಯಿ ಕಟ್ಟುತ್ತದೆ, ತಂಗಿಯನ್ನು ಅತಿಥಿ ಮಾಡಿಕೊಂಡು ರೋಲ್ ಪ್ಲೇ ಮಾಡಿದರೆ ಎರಡೇ ನಿಮಿಷಕ್ಕೆ ಮಾತು ಮುಗಿಯುತ್ತದೆ ಅಂತ ಕೇಳಿದ್ದೀರಿ. ಮುಗಿಯಲೇಬೇಕು. ಮುಂದಿನ ಮಾತು ಏನು ಅಂತ ಇಬ್ಬರಿಗೂ ಗೊತ್ತಿರುತ್ತದೆ, ಅಲ್ವಾ?

ತಂಗಿ ತನಗೇನು ಬೇಕು ಅಂತ ಒಂದು ಚೀಟಿಯಲ್ಲಿ ಬರೆದು ನಿಮಗೆ ತೋರಿಸದೆ ಇಟ್ಟುಕೊಳ್ಳಲಿ. ಗೋಕರ್ಣಕ್ಕೆ ಹೋಗಬೇಕು, ಘಟ್ಟ ಇಳಿಯುವಾಗ ವಾಂತಿ ಬರುತ್ತದೆ, ಸಂಜೆಯೊಳಗೆ ಗೋಕರ್ಣ ರೋಡ್ ಸ್ಟೇಷನ್ ಮುಟ್ಟಬೇಕು, ಹೀಗೆ. ನೀವು ಕೇಳಿ ಕೇಳಿ ಅದನ್ನು ಹೊರಗೆ ತೆಗೆಯಬೇಕು. ‘ಯು ಕ್ಯಾನ್ ಚೇಂಜ್ ಬಸಸ್ ಅಟ್ ಕುಮಟಾ’ ಅಂದ ತಕ್ಷಣ ಅವಳು ‘ಈಸ್ ದೇರ್ ಎ ಟಾಯ್ಲೆಟ್?’ ಅಂತ ಅಡ್ಡ ಹಾಕಲಿ. ಅರ್ಥವಾಗದಿದ್ದರೆ ಸುಮ್ನೆ ತಲೆ ಆಡಿಸಬೇಡಿ, ನಮ್ಮ ಕಡೆ ಈ ಚಟ ಸ್ವಲ್ಪ ಜಾಸ್ತಿ. ‘ಸಾರಿ, ಕುಡ್ ಯು ಸೇ ದಟ್ ಅಗೈನ್?’ ಅನ್ನಿ.

ಅತಿಥಿಗೆ ಊರಿನ ಕಲೆ ವಿವರಿಸುವ ಅಭ್ಯಾಸಕ್ಕೆ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳನ್ನೇ ಹಿಡಿಯಿರಿ. ‘ಟ್ರೆಡಿಷನಲ್ ಆರ್ಟ್’ ಅಂತ ಹೇಳಿ ಜಾರಿಕೊಳ್ಳಬೇಡಿ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಬಳಿದು, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿ ಕಾಣಿಸುವ ಕೆಲಸ ಅದು. ‘ದೇ ಕೋಟ್ ದ ವೈಟ್ ವಾಲ್ ವಿತ್ ರೆಡ್. ದೆನ್ ದೇ ಸ್ಕ್ರಾಚ್ ಇಟ್. ದ ವೈಟ್ ಶೋಸ್ ಥ್ರೂ.’ ಇಷ್ಟೇ ಸಾಕು. ಆಮೇಲೆ ತಂಗಿ ‘ಕ್ಯಾನ್ ಐ ಟಚ್ ಇಟ್?’ ಅಂತ ಕೇಳಲಿ. ಮುಖ ಮುರಿಯದ ಹಾಗೆ ಬೇಡ ಅನ್ನುವುದು ನಿಜಕ್ಕೂ ಕಷ್ಟ: ‘ಪ್ಲೀಸ್ ಡೋಂಟ್, ಇಟ್ಸ್ ವೆರಿ ಓಲ್ಡ್.’

ನಡುವೆ ತಪ್ಪು ತಿದ್ದಬೇಡಿ. ಮುಗಿದ ಮೇಲೆ ಎರಡು ಮಾತ್ರ ತಿದ್ದಿ, ಪಾತ್ರ ಅದಲು ಬದಲು ಮಾಡಿ, ಹೊಸ ಚೀಟಿ ತೆಗೆಯಿರಿ.