ಜಪಾನಿನಲ್ಲಿ ವರ್ಷದ ಕೊನೆಯ ರಜೆ, ರೂಮಿನಲ್ಲಿ ಒಬ್ಬನೇ, ವೀಗನ್ ಬೇರೆ: ಬೆಚ್ಚಗೆ ಏನು ಮಾಡಿಕೊಂಡು ತಿನ್ನಬಹುದು?

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ಡಿಸೆಂಬರ್ ನೆನಪಾಯಿತು. ಓದಲು ಬಂದು ಮೂರು ತಿಂಗಳಾಗಿದೆ ಅಂತೀರಿ. ಡಿಸೆಂಬರ್ 28ರಿಂದ ಜನವರಿ 4ರವರೆಗೆ ಕ್ಯಾಂಟೀನ್ ಬಂದ್. ಹಾಲು, ಮೊಸರು ಕೂಡ ಬಿಟ್ಟಿದ್ದೀರಿ. ರೂಮಿನಲ್ಲಿ ಒಂದು ಒಲೆ, ಒಂದು ರೈಸ್ ಕುಕ್ಕರ್. ಊರಿಂದ ತಂದ ಬೇಳೆ, ಸಾರಿನ ಪುಡಿ ಎಲ್ಲಾ ಖಾಲಿ. ಇಲ್ಲಿನ ಅಂಗಡಿ ಸಾಮಾನಿನಲ್ಲೇ ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಸಾಗರದ ಕಡೆಯವಳು, ಯೊಕೊಹಾಮಾದಲ್ಲಿ ಇದು ಏಳನೇ ಚಳಿಗಾಲ. ಗೊತ್ತಿರುವಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದವಾಗಬಹುದು.

ಮೊದಲು ನಾನು ಬಿದ್ದ ಗುಂಡಿ ತೋರಿಸಿಬಿಡುತ್ತೇನೆ. ಬಂದ ಹೊಸದರಲ್ಲಿ ಎರಡು ತಿಂಗಳು ದಿನಾ ಮಿಸೋ ಸೂಪ್ ಕುಡಿದೆ. ಸೋಯಾ ಕಾಳು, ಅಕ್ಕಿ, ಉಪ್ಪು ಸೇರಿಸಿ ಹುಳಿ ಬರಿಸಿದ್ದು, ಅದರಲ್ಲೇನು ತೊಂದರೆ ಅಲ್ವಾ? ಒಂದು ದಿನ ಲ್ಯಾಬಿನ ಗೆಳತಿ ಮನೆಗೆ ಬಂದವಳು ಡಬ್ಬಿ ತಿರುಗಿಸಿ ನೋಡಿದಳು. ಮುಖ ಸಣ್ಣದು ಮಾಡಿಕೊಂಡು, "ಇದು ದಾಶಿ-ಇರಿ, ಮೀನಿನ ರಸ ಸೇರಿಸಿದ್ದಾರೆ" ಅಂದಳು. ಆ ಡಬ್ಬಿಯನ್ನು ಅವಳಿಗೇ ಕೊಟ್ಟು ಕಳಿಸಿದೆ. ಎರಡು ತಿಂಗಳು ಕುಡಿದದ್ದನ್ನು ಏನು ಮಾಡಲಿ?

ಇಲ್ಲಿನ ತೊಡಕು ಇಷ್ಟೇ. ಜಪಾನಿನ ಮನೆ ಅಡುಗೆಯಲ್ಲಿ ತರಕಾರಿ, ತೋಫು, ಅನ್ನ, ಕಾಳು ಎಲ್ಲಾ ಧಾರಾಳ. ಹಾಲು, ತುಪ್ಪದ ಕಾಟ ನಮ್ಮೂರಿಗಿಂತ ಕಡಿಮೆ. ಆದರೆ ಎಲ್ಲದರ ತಳದಲ್ಲಿ ದಾಶಿ ಅನ್ನುವ ರಸ ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ ಕತ್ಸುಓ ಮೀನನ್ನು ಬೇಯಿಸಿ, ಹೊಗೆ ಹಿಡಿಸಿ, ಒಣಗಿಸಿ, ಹೆರೆದು ಹಾಕುತ್ತಾರೆ. ನಾವು ಬೇಳೆ ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವಲ್ಲ, ಆ ಕಟ್ಟಿನ ಜಾಗದಲ್ಲಿ ಇವರದು ದಾಶಿ. ಕಟ್ಟನ್ನು ನೀವೇ ಮಾಡಿಕೊಂಡರೆ ಮುಕ್ಕಾಲು ಭಾಗ ಜಪಾನಿ ಅಡುಗೆ ತಾನಾಗಿಯೇ ವೀಗನ್ ಆಗುತ್ತದೆ.

ಬೇಕಾದದ್ದು ಎರಡೇ: ಕೊಂಬು ಮತ್ತು ಒಣ ಶಿಟಾಕೆ ಅಣಬೆ. ಕೊಂಬು ಅಂದರೆ ಎತ್ತಿನ ಕೊಂಬಲ್ಲ, ಒಣಗಿಸಿದ ಕಡಲಪಾಚಿ. ಹೆಚ್ಚಿನದು ಹೊಕ್ಕೈಡೋದಿಂದ ಬರುತ್ತದೆ. ಕಪ್ಪು-ಹಸಿರು ಚಕ್ಕಳದ ಹಾಗಿರುತ್ತದೆ, ಮೇಲೆ ಬಿಳಿ ಪುಡಿ. ನಾನು ಮೊದಲ ಸಲ ಬೂಸ್ಟು ಹಿಡಿದಿದೆ ಅಂತ ನಲ್ಲಿ ಕೆಳಗೆ ಗಸಗಸ ಉಜ್ಜಿ ತೊಳೆದಿದ್ದೆ. ಹಾಗೆ ಮಾಡಬೇಡಿ, ಆ ಪುಡಿಯಲ್ಲೂ ರುಚಿ ಇದೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು, ಅಂದರೆ ಅಂಗೈ ಅಗಲದ ತುಂಡು, ಜೊತೆಗೆ ಮೂರು ಒಣ ಶಿಟಾಕೆ. ಜಗ್ಗಿನಲ್ಲಿ ಹಾಕಿ ರಾತ್ರಿಯೆಲ್ಲ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಪಾತ್ರೆಯ ತಳದಿಂದ ಚಿಕ್ಕ ಚಿಕ್ಕ ಗುಳ್ಳೆ ಏಳುವ ಹೊತ್ತಿಗೆ ಕೊಂಬು ಎತ್ತಿಬಿಡಿ. ಅದು ಕುದಿದರೆ ಲೋಳೆ ಬಿಡುತ್ತದೆ, ಕಡಲ ವಾಸನೆ ಜಾಸ್ತಿಯಾಗುತ್ತದೆ. ಅಣಬೆ ಇರಲಿ, ಅದು ಕುದಿಯಬೇಕು.

ಇದರ ಹಿಂದೆ ಒಂದು ಲೆಕ್ಕ ಇದೆ. 1908ರಲ್ಲಿ ಟೋಕಿಯೋದ ಪ್ರೊಫೆಸರ್ ಕಿಕುನಾಎ ಇಕೆಡಾ ಕೊಂಬಿನ ರುಚಿಗೆ ಗ್ಲುಟಮೇಟ್ ಅನ್ನುವ ಅಂಶ ಕಾರಣ ಅಂತ ಕಂಡುಹಿಡಿದು, ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಅನ್ನುವ ಇನ್ನೊಂದು ಇದೆ. ತಣ್ಣೀರಲ್ಲಿ ನೆನೆದು, ಆಮೇಲೆ ಬಿಸಿಯಾದಾಗ ಅದು ಚೆನ್ನಾಗಿ ಹುಟ್ಟುತ್ತದೆ. ಎರಡೂ ಸೇರಿದರೆ ರುಚಿ ಒಂದಕ್ಕೊಂದು ಕೂಡುವುದಲ್ಲ, ಹಲವು ಪಟ್ಟು ಏರುತ್ತದೆ. ಮೀನಿನ ಅಭಾವ ಗೊತ್ತಾಗದಿರುವುದು ಇದರಿಂದಲೇ. ಅಂದಹಾಗೆ, ಇಕೆಡಾ ಅವರ ಆ ಸಂಶೋಧನೆಯೇ ಮರುವರ್ಷ ಅಜಿನೊಮೊಟೊ ಆಗಿ ಅಂಗಡಿಗೆ ಬಂತು. ನಮ್ಮೂರ ಗೋಬಿ ಮಂಚೂರಿ ಗಾಡಿಯ ಬಿಳಿ ಪುಡಿಯ ಮೂಲ ಈ ಕೊಂಬು.

ಒಂದು ಎಚ್ಚರಿಕೆ. ಕೊಂಬಿನಲ್ಲಿ ಅಯೋಡಿನ್ ಬಹಳ. ಥೈರಾಯ್ಡ್ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ, ಅಲ್ಲಿಯವರೆಗೆ ಶಿಟಾಕೆ ಮಾತ್ರ ಬಳಸಿ.

ರಸ ತೆಗೆದ ಕೊಂಬನ್ನು ಎಸೆಯಬೇಡಿ. ಸಣ್ಣಗೆ ಹೆಚ್ಚಿ, ಸೋಯಾ ಸಾಸ್, ಸಕ್ಕರೆ, ಸ್ವಲ್ಪ ನೀರು ಹಾಕಿ ಬತ್ತಿಸಿ, ಮೇಲೆ ಹುರಿದ ಎಳ್ಳು ಉದುರಿಸಿ. ಬಿಸಿ ಅನ್ನಕ್ಕೆ ನೆಂಚಿಕೊಳ್ಳಲು ಉಪ್ಪಿನಕಾಯಿಯ ಹಾಗೆ ಆಗುತ್ತದೆ. ವಾರ ಇರುತ್ತದೆ.

ಈಗ ಅಡುಗೆಗೆ ಬರೋಣ. ನಿಮಗೆ ಒಂದೇ ಒಂದು ಹೇಳಿಕೊಡಬೇಕು ಅಂದರೆ ನಾನು ಕೆಂಚಿನ್-ಜಿರು ಹೇಳಿಕೊಡುತ್ತೇನೆ. ನಮ್ಮ ಮನೆಯಿಂದ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಕಾಮಾಕುರಾ. ಅಲ್ಲಿ 1253ರಲ್ಲಿ ಕಟ್ಟಿದ ಕೆಂಚೋಜಿ ಎಂಬ ಝೆನ್ ಮಠ ಇದೆ. ಈ ಸೂಪ್ ಅಲ್ಲಿಂದ ಬಂದದ್ದು ಅಂತ ಹೇಳುತ್ತಾರೆ. ನೆಲಕ್ಕೆ ಬಿದ್ದು ಪುಡಿಯಾದ ತೋಫುವನ್ನು ಗುರುಗಳು ತೊಳೆದು ಸೂಪಿಗೆ ಹಾಕಿದರು, ಅದಕ್ಕೇ ಇಂದಿಗೂ ತೋಫುವನ್ನು ಕತ್ತರಿಸದೆ ಕೈಯಲ್ಲಿ ಮುರಿದು ಹಾಕುತ್ತಾರೆ ಅನ್ನುವ ಕಥೆಯೂ ಇದೆ. ನಿಜವೋ ಸುಳ್ಳೋ, ಮುರಿದ ತೋಫು ರಸ ಚೆನ್ನಾಗಿ ಹೀರುತ್ತದೆ ಅನ್ನುವುದಂತೂ ನಿಜ. ಮಠದ ಅಡುಗೆಯಲ್ಲಿ ಮೀನು, ಮಾಂಸ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಹಾಗಾದ್ರೆ ನಮ್ಮ ಮಠದ ಊಟದ ತರಹವೇ ಆಯ್ತಲ್ಲ" ಅಂದಿದ್ದರು.

ಮೂಲಂಗಿ ಕಾಲು ಭಾಗ (ಇಲ್ಲಿನ ಮೂಲಂಗಿ ನಮ್ಮ ತೋಳಿನಷ್ಟು ದಪ್ಪ), ಒಂದು ಕ್ಯಾರೆಟ್, ಅರ್ಧ ಗೋಬೋ, ನಾಲ್ಕು ಸಾತೊಇಮೋ, ಅರ್ಧ ಕೊನ್ಯಾಕು (ಒಂದು ಗೆಡ್ಡೆಯ ಹಿಟ್ಟಿನಿಂದ ಮಾಡುವ, ಜೆಲ್ಲಿಯಂಥ ಗಟ್ಟಿ ಬಿಲ್ಲೆ), ಗಟ್ಟಿ ತೋಫು ಒಂದು. ಸಾತೊಇಮೋ ಅಂದರೆ ನಮ್ಮ ಕೆಸುವಿನ ಗೆಡ್ಡೆ, ಕೈ ತುರಿಸುವುದೂ ಅದೇ ತರಹ. ಕೈ ಒಣಗಿರುವಾಗಲೇ ಸಿಪ್ಪೆ ತೆಗೆಯಿರಿ. ಗೋಬೋ ಉದ್ದನೆಯ ಬೇರು, ಮಣ್ಣಿನ ವಾಸನೆ. ಸಿಪ್ಪೆ ಹೆರೆಯಬೇಡಿ, ಚಾಕುವಿನ ಹಿಂಬದಿಯಿಂದ ಕೆರೆದು, ಪೆನ್ಸಿಲ್ ಚೂಪು ಮಾಡುವ ಹಾಗೆ ಸೀಳಿ ನೀರಿಗೆ ಹಾಕಿ. ಕೊನ್ಯಾಕುವನ್ನು ಚಮಚದಲ್ಲಿ ಹರಿದು ಎರಡು ನಿಮಿಷ ಬೇರೆ ನೀರಲ್ಲಿ ಕುದಿಸಿ ಚೆಲ್ಲಿ, ಇಲ್ಲದಿದ್ದರೆ ಒಂದು ಕೆಟ್ಟ ವಾಸನೆ ಉಳಿಯುತ್ತದೆ. ಸಿಗದಿದ್ದರೆ ಬಿಡಿ, ಅದಿಲ್ಲದೆಯೂ ಆಗುತ್ತದೆ.

ಪಾತ್ರೆಗೆ ಎರಡು ಚಮಚ ಎಳ್ಳೆಣ್ಣೆ. ತೋಫುವನ್ನು ಕೈಯಲ್ಲಿ ಮುರಿದು ಹಾಕಿ, ನೀರು ಆರಿ ಅಂಚು ಸ್ವಲ್ಪ ಕೆಂಪಾಗುವವರೆಗೆ ಹುರಿಯಿರಿ. ಆಮೇಲೆ ತರಕಾರಿ ಎಲ್ಲಾ, ಜೊತೆಗೆ ನೆನೆದ ಶಿಟಾಕೆಯನ್ನೂ ಹೆಚ್ಚಿ ಹಾಕಿ. ಎಣ್ಣೆ ಎಲ್ಲಕ್ಕೂ ಹತ್ತಿದ ಮೇಲೆ ಒಂದು ಲೀಟರ್ ದಾಶಿ ಸುರಿಯಿರಿ. ನೊರೆ ತೆಗೆಯಿರಿ. ಮೂಲಂಗಿ ಮೆತ್ತಗಾದ ಮೇಲೆ ಮೂರು ದೊಡ್ಡ ಚಮಚ ಸೋಯಾ ಸಾಸ್, ಬೇಕಾದರೆ ಚಿಟಿಕೆ ಉಪ್ಪು. ಅಷ್ಟೇ. ಒಗ್ಗರಣೆ ಇಲ್ಲ, ಖಾರ ಇಲ್ಲ. ನಾಲಿಗೆ ಕೇಳಿದರೆ ಮೇಲೆ ಶಿಚಿಮಿ ಖಾರದ ಪುಡಿ ಉದುರಿಸಿ. ನಮ್ಮ ಹುಳಿಯ ಹಾಗೆ ಇದೂ ಮರುದಿನ ಜಾಸ್ತಿ ರುಚಿ. ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟರೆ ಎರಡು ದಿನ ನಿಶ್ಚಿಂತೆ.

ಇದನ್ನೇ ಡಿಸೆಂಬರ್ 31ಕ್ಕೂ ಉಳಿಸಿಕೊಳ್ಳಿ. ಆ ರಾತ್ರಿ ಇಲ್ಲಿ ಎಲ್ಲರ ಮನೆಯಲ್ಲೂ ತೊಶಿಕೊಶಿ ಸೋಬಾ, ವರ್ಷ ದಾಟಿಸುವ ಶ್ಯಾವಿಗೆ. ಉದ್ದಕ್ಕಿರುವುದರಿಂದ ದೀರ್ಘಾಯುಷ್ಯ, ಸುಲಭವಾಗಿ ತುಂಡಾಗುವುದರಿಂದ ಹಳೇ ವರ್ಷದ ಕಷ್ಟವೂ ತುಂಡಾಗಲಿ ಅಂತ. ಅಂಗಡಿಯ ರೆಡಿ ಸೋಬಾ ರಸದಲ್ಲಿ ಮೀನು ಇದ್ದೇ ಇರುತ್ತದೆ ಅಂದುಕೊಳ್ಳಿ. ಒಣ ಸೋಬಾ ಮಾತ್ರ ಕೊಂಡು, ಬೇಯಿಸಿ, ತಣ್ಣೀರಲ್ಲಿ ಚೆನ್ನಾಗಿ ತೊಳೆದು, ಬಿಸಿ ಕೆಂಚಿನ್-ಜಿರು ಅದರ ಮೇಲೆ ಸುರಿಯಿರಿ. ಇದು ನನ್ನ ಕಲಬೆರಕೆ ಅಲ್ಲ. ಇಬಾರಾಕಿ ಕಡೆ ಕೆಂಚಿನ್ ಸೋಬಾ ಅಂತಲೇ ಮಾಡುತ್ತಾರೆ. ಹನ್ನೆರಡು ಗಂಟೆಯೊಳಗೆ ತಿಂದು ಮುಗಿಸಬೇಕು ಅಂತ ಪಕ್ಕದ ಮನೆ ಅಜ್ಜಿ ಪ್ರತಿ ವರ್ಷ ನೆನಪಿಸುತ್ತಾರೆ.

ಈ ಅಜ್ಜಿಯ ಇನ್ನೊಂದು ವಿಷಯ ಹೇಳಲೇಬೇಕು. ಮೂರನೇ ವರ್ಷ ಡಿಸೆಂಬರ್ 30ಕ್ಕೆ ಅವರ ಅಡುಗೆಮನೆಗೆ ಹೋದೆ. ಒಲೆ ಮೇಲೆ ಕುರೊಮಾಮೆ, ಅಂದರೆ ಕಪ್ಪು ಸೋಯಾ ಕಾಳು, ಸಕ್ಕರೆ ಪಾಕದಲ್ಲಿ ಸಣ್ಣಗೆ ಬೇಯುತ್ತಿತ್ತು. ಸೌಟಿನಲ್ಲಿ ಕದಡಿದಾಗ ಒಂದು ಪುಟ್ಟ ಬಟ್ಟೆ ಗಂಟು ಮೇಲೆ ಬಂತು. ಮಸಾಲೆ ಇರಬೇಕು ಅಂದುಕೊಂಡೆ. ಅಜ್ಜಿ ನಗುತ್ತಾ ಬಿಚ್ಚಿ ತೋರಿಸಿದರು: ನಾಲ್ಕು ತುಕ್ಕು ಹಿಡಿದ ಮೊಳೆ! ಕಾಳಿನ ಸಿಪ್ಪೆಯ ಬಣ್ಣ ಕಬ್ಬಿಣದ ಜೊತೆ ಸೇರಿದರೆ ಕಪ್ಪು ಮಾಸುವುದಿಲ್ಲ. ಇಲ್ಲದಿದ್ದರೆ ಬೇಯುತ್ತಾ ಬೇಯುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಮೊಳೆಗಳು ಅವರ ಅತ್ತೆಯ ಕಾಲದವಂತೆ. ಹೊಸ ವರ್ಷದ ಬುತ್ತಿಯಲ್ಲಿ ಈ ಕಾಳು ಇರಲೇಬೇಕು. ಮಾಮೆ ಅಂದರೆ ಕಾಳು ಅಂತಲೂ ಹೌದು, ಮೈ ಗಟ್ಟಿಯಾಗಿರುವುದು ಅಂತಲೂ ಹೌದು. ನಿಮ್ಮ ಒಂದೇ ಒಲೆಯಲ್ಲಿ ಇದನ್ನು ಗಂಟೆಗಟ್ಟಲೆ ಬೇಯಿಸುವ ಸಾಹಸ ಬೇಡ, ಪ್ಯಾಕೆಟ್ ಸಿಗುತ್ತದೆ. ಸುಮ್ನೆ ಗೊತ್ತಿರಲಿ ಅಂತ ಹೇಳಿದೆ.

ಸೋಮಾರಿತನದ ದಿನಕ್ಕೆ ಯುದೋಫು. ಪಾತ್ರೆಯಲ್ಲಿ ನೀರು, ತಳದಲ್ಲಿ ಒಂದು ತುಂಡು ಕೊಂಬು, ಮೇಲೆ ತೋಫು. ಬಿಸಿಯಾಗಿ ತೋಫು ಅಲ್ಲಾಡಲು ಶುರುವಾದರೆ ಮುಗಿಯಿತು. ತುರಿದ ಶುಂಠಿ, ಸೋಯಾ ಸಾಸ್ ಜೊತೆ ತಿನ್ನಿ. ಕ್ಯೋಟೋದ ನಾನ್ಝೆನ್‌ಜಿ ಮಠದ ಸುತ್ತ ಇದಕ್ಕೇ ದೊಡ್ಡ ಹೋಟೆಲುಗಳಿವೆ. ಮನೆಯಲ್ಲಿ ನೂರಿನ್ನೂರು ಯೆನ್‌ಗೆ ಆಗುತ್ತದೆ. ಪೊನ್ಝು (ನಿಂಬೆ ಜಾತಿಯ ಹಣ್ಣಿನ ಹುಳಿ ಸೇರಿದ ಸೋಯಾ ಸಾಸ್) ಬಾಟಲಿ ಕೊಳ್ಳುವ ಮುಂಚೆ ಹಿಂಬದಿಯ ಚೀಟಿ ಓದಿ, ಎಷ್ಟೋ ಕಡೆ ಅದರಲ್ಲೂ ಮೀನು ನುಸುಳಿರುತ್ತದೆ. ಮೊಟ್ಟೆ, ಹಾಲನ್ನು ಅಲರ್ಜಿ ಪಟ್ಟಿಯಲ್ಲಿ ಬರೆಯಲೇಬೇಕು ಅಂತ ಇಲ್ಲಿ ಕಾನೂನಿದೆ. ಕತ್ಸುಓ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಸಾಮಗ್ರಿಗಳ ಸಾಲು ಪೂರ್ತಿ ನೋಡಬೇಕು. ಫೋನಿನ ಕ್ಯಾಮೆರಾ ಅನುವಾದ ಸಾಕು. ಹಾಗೆಯೇ ಮಿರಿನ್, ಅಡುಗೆಗೆ ಹಾಕುವ ಸಿಹಿ ಅಕ್ಕಿ ಮದ್ಯ: ಅಸಲಿ ಮಿರಿನ್‌ನಲ್ಲಿ ಸುಮಾರು 14% ಆಲ್ಕೋಹಾಲ್ ಇರುತ್ತದೆ. ಬೇಡ ಅನ್ನಿಸಿದರೆ ಸಕ್ಕರೆ ಹಾಕಿಕೊಳ್ಳಿ, ಪ್ರಪಂಚ ಮುಳುಗುವುದಿಲ್ಲ.

ಸಿಹಿಗೆ ಝೆನ್‌ಝಾಇ. ಅಝುಕಿ ಕೆಂಪು ಕಾಳು, ನಮ್ಮ ಉದ್ದು, ಹೆಸರಿನ ದಾಯಾದಿ. 200 ಗ್ರಾಂ ಕಾಳನ್ನು ನೆನೆಸುವುದೇ ಬೇಡ. ಒಂದು ಕುದಿ ಬಂದ ಮೇಲೆ ಆ ನೀರು ಚೆಲ್ಲಿ, ಒಗರು ಹೋಗುತ್ತದೆ. ಹೊಸ ನೀರಲ್ಲಿ ಬೆರಳಲ್ಲಿ ಹಿಸುಕಿದರೆ ಮೇಣದಂತಾಗುವವರೆಗೆ ಬೇಯಿಸಿ, ಆಮೇಲೆಯೇ 150 ಗ್ರಾಂ ಸಕ್ಕರೆ. ಮೊದಲೇ ಹಾಕಿದರೆ ಕಾಳು ಬಿರುಸಾಗಿ ಕೂರುತ್ತದೆ. ಚಿಟಿಕೆ ಉಪ್ಪು ಮರೆಯಬೇಡಿ. ಒಣ ಮೋಚಿ (ಅಂಟು ಅಕ್ಕಿಯನ್ನು ಬೇಯಿಸಿ ಕುಟ್ಟಿ ಮಾಡಿದ್ದು) ಬಿಲ್ಲೆಯನ್ನು ಟೋಸ್ಟರಿನಲ್ಲಿ ಉಬ್ಬಿಸಿ ಅದರಲ್ಲಿ ಮುಳುಗಿಸಿ. ಟೋಸ್ಟರ್ ಇಲ್ಲದಿದ್ದರೆ ಬಾಣಲೆ ಮುಚ್ಚಿ ಸಣ್ಣ ಉರಿ. ಸಣ್ಣ ಸಣ್ಣ ತುತ್ತು ಕಚ್ಚಿ, ಗಂಟಲಿಗೆ ಅಂಟುತ್ತದೆ. ಇಲ್ಲಿ ಪ್ರತಿ ಜನವರಿ ವಯಸ್ಸಾದವರು ಮೋಚಿ ಸಿಕ್ಕಿಕೊಂಡು ಆಸ್ಪತ್ರೆ ಸೇರುತ್ತಾರೆ.

ಸಾಮಾನೆಲ್ಲ 30ರೊಳಗೆ ತಂದಿಡಿ. ಜನವರಿ 1ಕ್ಕೆ ತುಂಬಾ ಸೂಪರ್ ಮಾರ್ಕೆಟ್ ಬಂದ್, ಕೆಲವು 3ರವರೆಗೂ.

ರಜೆ ಮುಗಿದು ಮಂಕಾಗಿ ಕೂರಬೇಡಿ, ಹತ್ತು-ಹನ್ನೊಂದು ದಿನದಲ್ಲಿ ಸಂಕ್ರಾಂತಿ. ಎಳ್ಳು-ಬೆಲ್ಲಕ್ಕೆ ಬೇಕಾದದ್ದೂ ಇಲ್ಲೇ ಇದೆ. ಬಿಳಿ ಎಳ್ಳು ಎಲ್ಲಾ ಕಡೆ, ಶೇಂಗಾ ಚಿಬಾದ್ದು, ಬೆಲ್ಲದ ಬದಲು ಒಕಿನಾವಾದ ಕೊಕುತೋ ಅನ್ನುವ ಕಪ್ಪು ಸಕ್ಕರೆ. ಹುರಿಗಡಲೆ ಎಲ್ಲಿಂದ ತರುವುದು ಅಂತ ನಾನು ಎರಡು ವರ್ಷ ಒದ್ದಾಡಿದೆ. ಫೆಬ್ರವರಿ ಶುರುವಿನ ಸೆತ್ಸುಬುನ್ ಹಬ್ಬಕ್ಕೆ ದೆವ್ವ ಓಡಿಸಲು ಎರಚುವ ಹುರಿದ ಸೋಯಾ ಕಾಳು ಜನವರಿಯಲ್ಲೇ ಅಂಗಡಿಗೆ ಬಂದುಬಿಡುತ್ತದೆ. ಅದನ್ನು ಎರಡು ಹೋಳು ಮಾಡಿ ಬೆರೆಸುತ್ತೇನೆ. ಕೊಬ್ಬರಿ ಮಾತ್ರ ಟೋಕಿಯೋದ ನಿಶಿ-ಕಸಾಯಿಯ ಇಂಡಿಯನ್ ಅಂಗಡಿಯಿಂದ ತರುವುದು. ಹೋದ ಸಲ ಅಜ್ಜಿಗೆ ಒಂದು ಪೊಟ್ಟಣ ಕೊಟ್ಟೆ. ಸೋಯಾ ಕಾಳನ್ನೆಲ್ಲ ಬೇರೆ ಆರಿಸಿ ಇಟ್ಟುಕೊಂಡಿದ್ದರು, ಎರಚುವುದಕ್ಕೆ.